ದ್ವೀಪದ ಯಾವ ಮಗ್ಗುಲು? ಅಪ್ಪ ಅಮ್ಮನ ಜೊತೆಗಿನ ಒಂದು ಬಾರ್ಬಡೋಸ್ ಪ್ರವಾಸದ ಯೋಜನೆ

2025ರ ಮೇ ಕೊನೆಗೆ ನಮ್ಮ ಅಪ್ಪ ಅಮ್ಮನ ಮದುವೆಗೆ 45 ವರ್ಷ ತುಂಬುತ್ತಿತ್ತು. ಆ ಹೊತ್ತಿಗೆ ಇಬ್ಬರೂ ನ್ಯೂಜೆರ್ಸಿಯ ನಮ್ಮ ಮನೆಯಲ್ಲೇ ಇರುವವರಿದ್ದರು. ಜೀವಮಾನದಲ್ಲಿ ಒಮ್ಮೆಯಾದರೂ ಅವರನ್ನು ಒಳ್ಳೆಯ ಕಡಲತೀರದ ರೆಸಾರ್ಟ್‌ನಲ್ಲಿ ಆರಾಮಾಗಿ ಇರಿಸಬೇಕು, ಕೈಬಿಚ್ಚಿ ಖರ್ಚು ಮಾಡಬೇಕು ಅಂತ ನಾನು, ಹೆಂಡತಿ 2024ರ ಅಕ್ಟೋಬರ್‌ನಲ್ಲೇ ಮಾತಾಡಿಕೊಂಡೆವು. ಕೆರಿಬಿಯನ್ ದ್ವೀಪಗಳು ಇಲ್ಲಿಂದ ದೂರವೇನಲ್ಲ. ನ್ಯೂಯಾರ್ಕ್‌ನಿಂದ ನಾಲ್ಕೈದು ಗಂಟೆಯ ವಿಮಾನ ಅಷ್ಟೆ.

ಹೊರಡುವವರು ಐದು ಜನ. ಅಪ್ಪನಿಗೆ 73, ಬಿಪಿ ಮಾತ್ರೆ ನಡೆಯುತ್ತಿದೆ, ತಿರುವು ರಸ್ತೆಯಲ್ಲಿ ಕಾರು ಹತ್ತಿದರೆ ವಾಂತಿ. ಅಮ್ಮನಿಗೆ 67, ಎರಡೂ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಮಗಳಿಗೆ ಎಂಟು ವರ್ಷ, ದಿನವಿಡೀ ನೀರಿನಲ್ಲೇ ಇರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದು ಡಿಸೆಂಬರ್‌ನಲ್ಲಿ. ಮೊದಲ ದಿನವೇ ಬರೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಮೊದಲ ಎರಡು ತಿಂಗಳು ನಾವು ನೋಡಿದ್ದು ಬರೀ ಫೋಟೋ. ಮನಸ್ಸು ಹೋಗಿದ್ದು ಸೇಂಟ್ ಲೂಸಿಯಾ ದ್ವೀಪದ ಕಡೆ. ಅಲ್ಲಿ ಸೂಫ್ರಿಯೇರ್ ಊರಿನ ಹತ್ತಿರ ಪಿಟನ್ಸ್ ಅಂತ ಎರಡು ಬೆಟ್ಟಗಳಿವೆ. ಸಮುದ್ರದಿಂದಲೇ ಮೊಳಕೆ ಒಡೆದ ಹಾಗೆ ನೇರಕ್ಕೆ ನಿಂತಿವೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಆ ಬೆಟ್ಟಗಳಿಗೆ ಎದುರಾಗಿ ಕಟ್ಟಿದ ರೆಸಾರ್ಟ್‌ಗಳಲ್ಲಿ ಕೆಲವಕ್ಕೆ ಒಂದು ಕಡೆ ಗೋಡೆಯೇ ಇಲ್ಲ. ಮಲಗಿದಲ್ಲಿಂದಲೇ ಬೆಟ್ಟ, ಕಡಲು, ಆಕಾಶ. ನೋಡಿದವರಿಗೆ ಆಸೆ ಆಗದೇ ಇರುವುದಿಲ್ಲ.

ಆದರೆ ಸೇಂಟ್ ಲೂಸಿಯಾ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ಎಲ್ಲಾ ಕಡೆ ಏರು, ಇಳಿಜಾರು. ದೊಡ್ಡ ವಿಮಾನ ನಿಲ್ದಾಣ ದಕ್ಷಿಣದ ತುದಿಯಲ್ಲಿದೆ. ಅಲ್ಲಿಂದ ಸೂಫ್ರಿಯೇರ್‌ಗೆ ಹೋಗುವ ದಾರಿ ನಮ್ಮ ಆಗುಂಬೆ ಘಾಟಿಯ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ಬೆಟ್ಟದ ಮೇಲಿನ ಕೋಣೆಯಿಂದ ಮರಳಿಗೆ ಇಳಿಯಲು ನೂರಾರು ಮೆಟ್ಟಿಲು, ಇಲ್ಲವೇ ರೆಸಾರ್ಟ್‌ನವರ ವ್ಯಾನ್‌ಗೆ ಕಾಯಬೇಕು. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಅದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ. ನಮ್ಮ ಹಾಳೆಯ ಮೊದಲ ಎರಡು ಸಾಲಿಗೇ ಅದು ಹೊಂದುತ್ತಿರಲಿಲ್ಲ.

ಬಾರ್ಬಡೋಸ್ ಹೆಸರು ಎತ್ತಿದ್ದು ಅಪ್ಪ. ಒಂದು ದಿನ ಫೋನ್‌ನಲ್ಲಿ, "ಕೆರಿಬಿಯನ್ ಅಂದ್ಯಲ್ಲ, ಬ್ರಿಡ್ಜ್‌ಟೌನ್ ಅಲ್ಲೇ ಇರೋದು ಅಲ್ವೇನೋ?" ಅಂದರು. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಬಾರ್ಬಡೋಸ್‌ನ ರಾಜಧಾನಿಯಾದ ಆ ಬ್ರಿಡ್ಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ, ದಕ್ಷಿಣ ಆಫ್ರಿಕಾ ವಿರುದ್ಧ 7 ರನ್‌ನಿಂದ. ಕೋಚ್ ಆಗಿ ದ್ರಾವಿಡ್‌ಗೆ ಅದೇ ಕೊನೆಯ ಪಂದ್ಯ. ಅದೇ ಮೈದಾನದಲ್ಲಿ 1997ರಲ್ಲಿ 120 ರನ್ ಬೆನ್ನತ್ತಿದ ಭಾರತ 81ಕ್ಕೆ ಆಲೌಟ್ ಆಗಿತ್ತು, ಆ ತಂಡದಲ್ಲಿ ದ್ರಾವಿಡ್ ಇದ್ದರು. ರೇಡಿಯೋ ಮುಂದೆ ಕೂತು ಅಪ್ಪ ಊಟ ಬಿಟ್ಟಿದ್ದು ನನಗೆ ನೆನಪಿದೆ. ಆ ಮೈದಾನ ತೋರಿಸುತ್ತೇನೆ ಅಂದರೆ ಅವರು ಎಲ್ಲಿಗಾದರೂ ಬರುತ್ತಾರೆ.

ನಕ್ಷೆ ತೆಗೆದು ನೋಡಿದಾಗ ಬಾರ್ಬಡೋಸ್ ಬೇರೆ ಕಾರಣಗಳಿಗೂ ಸರಿ ಅನ್ನಿಸಿತು. ಇದು ಜ್ವಾಲಾಮುಖಿಯ ದ್ವೀಪವಲ್ಲ. ಬಹುಪಾಲು ಹವಳದ ಸುಣ್ಣಕಲ್ಲು. ಹಾಗಾಗಿ ದೊಡ್ಡ ಬೆಟ್ಟಗಳಿಲ್ಲ, ಮರಳು ತಿಳಿ ಬಣ್ಣದ್ದು. ಮಳೆ ನೀರು ಸುಣ್ಣಕಲ್ಲಿನಲ್ಲಿ ಸೋಸಿ ಇಳಿಯುತ್ತದೆ, ನಲ್ಲಿಯ ನೀರನ್ನೇ ಕುಡಿಯಬಹುದು. ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ನ್ಯೂಯಾರ್ಕ್‌ನಿಂದ ನೇರ ವಿಮಾನವಿದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಕ್ಕೆ ಮೊದಲೇ ವೀಸಾ ಬೇಕಿಲ್ಲ. ಅಪ್ಪ ಅಮ್ಮನ ವಿಷಯದಲ್ಲಿ ಇದೊಂದು ದೊಡ್ಡ ನೆಮ್ಮದಿ.

ಹೋಗುವುದು ಸುಲಭ, ವಾಪಸ್ ಬರುವುದು?

ಅಮೆರಿಕದಲ್ಲಿರುವ ನಮ್ಮವರು ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಇಡೀ ಯೋಜನೆ ಮುರಿದುಬೀಳಬಹುದಾಗಿದ್ದ ಜಾಗ ಇದೇ.

ನಮ್ಮಿಬ್ಬರದೂ ಎಚ್-1ಬಿ, ಅಂದರೆ ಕೆಲಸದ ವೀಸಾ. ಹೊರಗಿಂದ ಅಮೆರಿಕದ ಒಳಗೆ ಬರಲು ಬೇಕಾದ ವೀಸಾ ಸ್ಟ್ಯಾಂಪ್ ನನ್ನ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಚಾಲ್ತಿಯಲ್ಲಿತ್ತು. ಹೆಂಡತಿಯ ಸ್ಟ್ಯಾಂಪ್ ಮುಗಿದಿತ್ತು, ಆದರೆ ಕಂಪನಿ ಮಾಡಿಸಿದ ವಿಸ್ತರಣೆಗೆ ಒಪ್ಪಿಗೆ ಸಿಕ್ಕಿ ಐ-797 ಪತ್ರ ಕೈಯಲ್ಲಿತ್ತು. ಅಮೆರಿಕದ ಒಳಗೆ ಇದ್ದು ಕೆಲಸ ಮಾಡಲು ಅಷ್ಟು ಸಾಕು. ಸ್ನೇಹಿತರೊಬ್ಬರು, "ಮೂವತ್ತು ದಿನದೊಳಗೆ ಬಂದರೆ ಏನೂ ತೊಂದರೆ ಇಲ್ಲ, ನಾನೇ ಬಾರ್ಬಡೋಸ್‌ಗೆ ಹೋಗಿ ಬಂದಿದ್ದೀನಿ" ಅಂದರು. ನಾವು ನಂಬಿದೆವು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಹೋಗಿದ್ದು ವಿದ್ಯಾರ್ಥಿಯಾಗಿದ್ದಾಗ, ಎಫ್-1 ವೀಸಾದಲ್ಲಿ. ಸ್ಟ್ಯಾಂಪ್ ಮುಗಿದಿದ್ದರೂ ವಾಪಸ್ ಬರಲು ಬಿಡುವ ಒಂದು ನಿಯಮವಿದೆ, ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಅನ್ನುತ್ತಾರೆ. ಕೆನಡಾ, ಮೆಕ್ಸಿಕೋಗೆ ಮೂವತ್ತು ದಿನದೊಳಗೆ ಹೋಗಿ ಬಂದರೆ ಎಚ್-1ಬಿಯವರಿಗೂ ಅದು ಸಿಗುತ್ತದೆ. ಹತ್ತಿರದ ದ್ವೀಪಗಳಿಗೆ ಹೋಗಿ ಬರುವುದಕ್ಕೆ ಸಿಗುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ. ಹೆಂಡತಿ ಹಾಗೇ ಹೊರಟಿದ್ದರೆ ವಾಪಸ್ ಬರುವ ವಿಮಾನವನ್ನೇ ಹತ್ತಲು ಆಗುತ್ತಿರಲಿಲ್ಲ. ಮಗಳನ್ನು ಇಲ್ಲಿ ಬಿಟ್ಟು ಅಲ್ಲಿಂದಲೇ ಭಾರತಕ್ಕೆ ಹೋಗಬೇಕಾಗುತ್ತಿತ್ತು. ಕಂಪನಿಯ ವಕೀಲರನ್ನು ಕೇಳಿದ ದಿನ ಇಬ್ಬರಿಗೂ ಕೈಕಾಲು ತಣ್ಣಗಾಗಿತ್ತು.

ದಾರಿ ಎರಡಿತ್ತು. ಅಮೆರಿಕದ್ದೇ ಆದ ಪೋರ್ಟೊರಿಕೊ ಅಥವಾ ಯುಎಸ್ ವರ್ಜಿನ್ ದ್ವೀಪಗಳಿಗೆ ನೇರವಾಗಿ ಹೋಗಿ ಬರುವುದು ಒಂದು. ಅಲ್ಲೂ ಕಡಲು ಸೊಗಸಾಗಿದೆ, ಕಾಗದಪತ್ರ ಜೊತೆಗಿದ್ದರೆ ಸ್ಟ್ಯಾಂಪ್‌ನ ತಾಪತ್ರಯ ಇಲ್ಲ. ಹೊಸ ಸ್ಟ್ಯಾಂಪ್ ಸಿಗುವವರೆಗೂ ಕಾಯುವುದು ಇನ್ನೊಂದು. ಹೆಂಡತಿಯ ತಮ್ಮನ ಮದುವೆ ಜನವರಿಯಲ್ಲಿತ್ತು. ಅದಕ್ಕೆ ಹೋದಾಗ ಚೆನ್ನೈ ಕಾನ್ಸುಲೇಟ್‌ನಿಂದ ಸ್ಟ್ಯಾಂಪ್ ಮಾಡಿಸಿಕೊಂಡು ಬಂದಳು. ಪಾಸ್‌ಪೋರ್ಟ್ ಕೈಗೆ ಬರುವವರೆಗೂ ನಾವು ಒಂದು ಡಾಲರ್ ಕೂಡ ಮುಂಗಡ ಕಟ್ಟಲಿಲ್ಲ.

ಅಪ್ಪ ಅಮ್ಮನದು ಹತ್ತು ವರ್ಷದ ಬಿ-2 ಪ್ರವಾಸಿ ವೀಸಾ, ಎಷ್ಟು ಸಲವಾದರೂ ಬಂದು ಹೋಗಬಹುದು. ಅದರಲ್ಲಿ ತೊಡಕಿಲ್ಲ. ಆದರೆ ದ್ವೀಪಕ್ಕೆ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಯಾರೂ ಲೆಕ್ಕ ಹಾಕಬಾರದು. ಹಳೆಯ ತಾರೀಖನ್ನೇ ಉಳಿಸಬಹುದು, ಅದು ಆ ಅಧಿಕಾರಿಯ ತೀರ್ಮಾನ. ಇನ್ನೊಂದು ಮಾತು. ಅವರಿಗಾಗಿ ಅಮೆರಿಕದಲ್ಲಿ ಕೊಂಡ ವಿಸಿಟರ್ ಇನ್ಶುರೆನ್ಸ್ ಬೇರೆ ದೇಶದಲ್ಲಿ ನಡೆಯುತ್ತದಾ ಅಂತ ಓದಿ ನೋಡಿ. ನಮ್ಮದು ನಡೆಯುತ್ತಿರಲಿಲ್ಲ, ಆ ವಾರಕ್ಕೆ ಬೇರೆ ಮಾಡಿಸಿದೆವು. ಈ ನಿಯಮಗಳು ಆಗಾಗ ಬದಲಾಗುತ್ತವೆ, ನಿಮ್ಮ ಪ್ರಯಾಣದ ಹೊತ್ತಿಗೆ ಮತ್ತೆ ಕೇಳಿಕೊಳ್ಳಿ.

ಗಾಳಿ ಬರುವ ದಿಕ್ಕು

ಯಾವಾಗ ಹೋಗುವುದು ಅನ್ನುವುದು ಬೇಗ ತೀರ್ಮಾನವಾಯಿತು. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅಲ್ಲಿ ದುಬಾರಿ ಕಾಲ. ಕ್ರಿಸ್‌ಮಸ್ ವಾರದಲ್ಲಿ ಕೆಲವು ರೆಸಾರ್ಟ್‌ಗಳು ಕನಿಷ್ಠ ಏಳರಿಂದ ಹತ್ತು ರಾತ್ರಿ ಇರಲೇಬೇಕು ಅನ್ನುತ್ತವೆ, ಕಟ್ಟಿದ ದುಡ್ಡು ವಾಪಸ್ ಇಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಜೋರು ಇರುವುದು ಆಗಸ್ಟ್‌ನಿಂದ ಅಕ್ಟೋಬರ್. ಬಾರ್ಬಡೋಸ್ ಉಳಿದ ದ್ವೀಪಗಳಿಗಿಂತ ಪೂರ್ವಕ್ಕೆ ಒಂಟಿಯಾಗಿ ಇರುವುದರಿಂದ ಎಷ್ಟೋ ಚಂಡಮಾರುತಗಳು ಪಕ್ಕದಲ್ಲೇ ಹಾದು ಹೋಗುತ್ತವೆ. 1955ರ ಜಾನೆಟ್ ಆದಮೇಲೆ ಆ ದ್ವೀಪಕ್ಕೆ ಚಂಡಮಾರುತ ಬಡಿದದ್ದು 2021ರ ಎಲ್ಸಾ. ಹಾಗಂತ ನೆಚ್ಚಿಕೊಳ್ಳಲು ಆಗುವುದಿಲ್ಲ. ವಿಶ್ವಕಪ್ ಗೆದ್ದ ಮರುದಿನಗಳಲ್ಲೇ ಬೆರಿಲ್ ಬಂತು. ವಿಮಾನ ನಿಲ್ದಾಣ ಮುಚ್ಚಿ ನಮ್ಮ ತಂಡ ಅಲ್ಲೇ ಸಿಕ್ಕಿಕೊಂಡಿತು, ದೆಹಲಿ ತಲುಪಿದ್ದು ಜುಲೈ 4ಕ್ಕೆ. ಮೇ ಕೊನೆಯ ವಾರ ನಮಗೆ ಎಲ್ಲಾ ರೀತಿಯಲ್ಲೂ ಸರಿಯಾಯಿತು. ಮದುವೆಯ ದಿನವೂ ಅದೇ ವಾರ, ಮೆಮೋರಿಯಲ್ ಡೇ ರಜೆಯೂ ಇತ್ತು.

ಎಡವಿದ್ದು ಜಾಗ ಆರಿಸುವಾಗ. ಫೆಬ್ರವರಿಯಲ್ಲಿ ಆಗ್ನೇಯ ಕರಾವಳಿಯ ಒಂದು ರೆಸಾರ್ಟ್ ಕಣ್ಣಿಗೆ ಬಿತ್ತು. ಬಿಳಿ ಮರಳು, ನೀಲಿ ನೀರು, ಪಶ್ಚಿಮದ ರೆಸಾರ್ಟ್‌ಗಳಿಗಿಂತ ರಾತ್ರಿಗೆ 200 ಡಾಲರ್ ಕಡಿಮೆ. ಮುಂಗಡ ಕಟ್ಟಿಬಿಟ್ಟೆವು. ಆಮೇಲೆ ಹೆಂಡತಿ, "ಇಷ್ಟು ಕಡಿಮೆ ಯಾಕೆ, ಸ್ವಲ್ಪ ವಿಚಾರಿಸಿ" ಅಂದಳು. ವಿಚಾರಿಸಿದಾಗ ಸಿಕ್ಕ ಉತ್ತರ ಒಂದೇ ಪದ: ಸರ್ಗಾಸಮ್.

ಅದು ಅಟ್ಲಾಂಟಿಕ್ ಸಾಗರದಲ್ಲಿ ತೇಲಿಕೊಂಡು ಬೆಳೆಯುವ ಕಂದು ಬಣ್ಣದ ಕಡಲಕಳೆ. ಮೊದಲಿಂದಲೂ ಇತ್ತು, ಆದರೆ 2011ರಿಂದ ಕೆರಿಬಿಯನ್ ತೀರಗಳಿಗೆ ರಾಶಿ ರಾಶಿ ಬಂದು ಬೀಳುತ್ತಿದೆ. ವಸಂತದಿಂದ ಬೇಸಿಗೆಯವರೆಗೆ ಜಾಸ್ತಿ. ನೀರಿನಲ್ಲಿ ತೇಲುವಾಗ ಮೀನು, ಆಮೆ ಮರಿಗಳಿಗೆ ಅದೇ ಮನೆ. ದಡಕ್ಕೆ ಬಿದ್ದು ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ, ಅದು ಹೈಡ್ರೋಜನ್ ಸಲ್ಫೈಡ್ ಅನಿಲ. ದಟ್ಟವಾಗಿದ್ದರೆ ಕಣ್ಣು, ಗಂಟಲು ಉರಿಯುತ್ತದೆ. ಅಮೆರಿಕದ ಯೂನಿವರ್ಸಿಟಿ ಆಫ್ ಸೌತ್ ಫ್ಲೋರಿಡಾದವರು ಉಪಗ್ರಹದ ಚಿತ್ರ ನೋಡಿ ಪ್ರತಿ ತಿಂಗಳೂ ಇದರ ವರದಿ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. 2025ರಲ್ಲಿ ಆ ರಾಶಿ ಹಿಂದಿನ ಎಲ್ಲಾ ವರ್ಷಗಳ ದಾಖಲೆ ಮುರಿಯಿತು.

ಇಲ್ಲಿ ಗಾಳಿಯ ದಿಕ್ಕೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಬಾರ್ಬಡೋಸ್‌ಗೆ ವರ್ಷವಿಡೀ ಗಾಳಿ ಬೀಸುವುದು ಪೂರ್ವದಿಂದ. ಅದೇ ಗಾಳಿ ಅಲೆಯನ್ನೂ ತರುತ್ತದೆ, ಕಳೆಯನ್ನೂ ತರುತ್ತದೆ. ಪೂರ್ವದ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಭೋರ್ಗರೆಯುತ್ತದೆ. ಸರ್ಫಿಂಗ್ ಮಾಡುವವರು ಹುಡುಕಿಕೊಂಡು ಬರುತ್ತಾರೆ, ಈಜಲು ಅದು ಅಪಾಯದ ಜಾಗ. ಪಶ್ಚಿಮದ ಮಗ್ಗುಲಿಗೆ ಇಡೀ ದ್ವೀಪವೇ ಅಡ್ಡ ನಿಂತಿರುತ್ತದೆ. ಅಲ್ಲಿ ನೀರು ಬಹುತೇಕ ಕೆರೆಯ ಹಾಗೆ. ನಮ್ಮ ಕಡೆ ಘಟ್ಟದ ಪಶ್ಚಿಮಕ್ಕೆ ಮಳೆ ಸುರಿದು ಪೂರ್ವದ ಬಯಲು ಒಣಗಿರುತ್ತದಲ್ಲ, ಅದೇ ಲೆಕ್ಕ ಇಲ್ಲಿ ತಿರುಗಾಮುರುಗಾ. ಹೋಲ್‌ಟೌನ್‌ನ ಸುತ್ತಮುತ್ತಲ ಈ ಪಶ್ಚಿಮ ತೀರವನ್ನು ಪ್ಲಾಟಿನಮ್ ಕೋಸ್ಟ್ ಅನ್ನುತ್ತಾರೆ. 1961ರಲ್ಲಿ ಶುರುವಾದ ಸ್ಯಾಂಡಿ ಲೇನ್ ಹೋಟೆಲ್ ಇರುವುದೂ ಇಲ್ಲೇ. ದುಬಾರಿ ರೆಸಾರ್ಟ್‌ಗಳೆಲ್ಲ ಈ ಸಾಲಿನಲ್ಲೇ ಯಾಕೆ ಕೂತಿವೆ ಅಂತ ನನಗೆ ಆಗ ಅರ್ಥವಾಯಿತು.

ಆ ರೆಸಾರ್ಟ್‌ಗೆ ಮೇಲ್ ಬರೆದು, ಇವತ್ತು ಬೆಳಿಗ್ಗೆ ತೆಗೆದ ತೀರದ ಫೋಟೋ ಕಳಿಸಿ ಅಂತ ಕೇಳಿದೆ. ಬಂದದ್ದು ಅವರ ಜಾಹೀರಾತಿನ ಫೋಟೋ. ಮತ್ತೆ ಕೇಳಿದೆ, ಉತ್ತರ ಬರಲಿಲ್ಲ. ಬುಕಿಂಗ್ ರದ್ದು ಮಾಡಿದೆವು. ಕಟ್ಟಿದ ಮುಂಗಡದಲ್ಲಿ 350 ಡಾಲರ್ ಹೋಯಿತು. ಆಮೇಲೆ ನೋಡಿದ ಪ್ರತಿ ಜಾಗಕ್ಕೂ ಅದೇ ಪ್ರಶ್ನೆ ಕೇಳಿದೆ. ಹೋಲ್‌ಟೌನ್ ಹತ್ತಿರದ ಒಂದು ರೆಸಾರ್ಟ್‌ನ ಹುಡುಗಿ ಅರ್ಧ ಗಂಟೆಯಲ್ಲಿ ಫೋನ್‌ನಲ್ಲಿ ತೆಗೆದ ವಿಡಿಯೋ ಕಳಿಸಿದಳು. ನೆಲಮಹಡಿಯ ಬಾಗಿಲಿಂದ ಮರಳಿನವರೆಗೆ ನಡೆದುಕೊಂಡೇ ತೆಗೆದಿದ್ದಳು. ಮೆಟ್ಟಿಲು ಎರಡೇ ಎರಡು. ಅಲ್ಲೇ ಬುಕ್ ಮಾಡಿದೆವು.

ಕೋಣೆ, ಅಡುಗೆಮನೆ, ಬಿಲ್ಲು

ಐದು ಜನಕ್ಕೆ ಆಲ್-ಇನ್‌ಕ್ಲೂಸಿವ್, ಅಂದರೆ ಕೋಣೆ, ಊಟ, ಕುಡಿಯುವುದು ಎಲ್ಲಾ ಸೇರಿದ ದರ, ಎಷ್ಟಾಗುತ್ತದೆ ಅಂತ ಕೇಳಿದ್ದೆ. ಆರು ರಾತ್ರಿಗೆ 12,000 ಡಾಲರ್ ಮೇಲೆ ಹೇಳಿದರು. ಅದರಲ್ಲಿ ದೊಡ್ಡ ಪಾಲು ಮದ್ಯದ್ದು, ಮೀನು ಮಾಂಸದ್ದು. ಬೆಳಿಗ್ಗೆ ಒಂದು ದೋಸೆ, ಮಧ್ಯಾಹ್ನ ಅನ್ನ ಮೊಸರು ಉಣ್ಣುವವರಿಗೆ ಆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಎರಡು ಮಲಗುವ ಕೋಣೆ, ಅಡುಗೆಮನೆ ಇರುವ ಸೂಟ್ ತೆಗೆದುಕೊಂಡು, ಬೆಳಗಿನ ತಿಂಡಿ ಮಾತ್ರ ಸೇರಿಸಿಕೊಂಡೆವು. ಅಮ್ಮನಿಗೆ ಕಾಫಿ ಬೇಕಾದಾಗ ಕಾಫಿ, ಅಪ್ಪನಿಗೆ ರಾತ್ರಿ ಬಿಸಿ ಅನ್ನ. ಇವರಿಗೆ ಲಕ್ಷುರಿ ಅಂದರೆ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅಮ್ಮ ಅಲ್ಲಿ ಅಡುಗೆ ಮಾಡಬಾರದು ಅನ್ನುವುದು ನಮ್ಮ ಮೊದಲ ಷರತ್ತು. ಒಲೆ ನನ್ನ ಪಾಲಿಗೆ.

ದರದಲ್ಲಿ ಒಂದು ಎಚ್ಚರ ಬೇಕು. ಮೊದಲ ಪುಟದಲ್ಲಿ ರಾತ್ರಿಗೆ 740 ಡಾಲರ್ ಅಂತಿದ್ದ ಸೂಟ್ ಕೊನೆಯ ಪುಟಕ್ಕೆ ಬರುವಾಗ 900 ದಾಟಿತ್ತು. ತೆರಿಗೆ, ಸರ್ವಿಸ್ ಚಾರ್ಜ್, ಕೋಣೆಗೆ ದಿನಕ್ಕಿಷ್ಟು ಅನ್ನುವ ಲೆವಿ ಎಲ್ಲಾ ಆಮೇಲೆ ಸೇರುತ್ತವೆ. ದರದ ಪಕ್ಕ ಎರಡು ಕೂಡಿಸುವ ಗುರುತು ಇದ್ದರೆ ಅದರ ಅರ್ಥ ಇದೇ. ಸಮುದ್ರ ಕಾಣುವ ಕೋಣೆ ಬೇರೆ, ಸಮುದ್ರಕ್ಕೇ ಎದುರಾದ ಕೋಣೆ ಬೇರೆ, ಮರಳಿಗೆ ಬಾಗಿಲು ತೆರೆಯುವ ಕೋಣೆ ಬೇರೆ. ಬಾಲ್ಕನಿಯಿಂದ ಕತ್ತು ಹೊರಳಿಸಿದರೆ ಮಾತ್ರ ನೀರು ಕಾಣುವುದನ್ನೂ ಮೊದಲನೆಯದಕ್ಕೇ ಸೇರಿಸುತ್ತಾರೆ. ಇನ್ನು ಅಲ್ಲಿನ ಡಾಲರ್ ಬೇರೆ. ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್, 1975ರಿಂದ ಇದೇ ಲೆಕ್ಕ. ಟ್ಯಾಕ್ಸಿ ಹತ್ತುವ ಮೊದಲೇ ಯಾವ ಡಾಲರ್ ಅಂತ ಕೇಳಿಬಿಡಿ. ವಿಮಾನ, ವಿಮೆ, ಊಟ, ಓಡಾಟ ಎಲ್ಲಾ ಸೇರಿ ನಮಗೆ 9,600 ಡಾಲರ್ ಆಯಿತು. ಸಣ್ಣ ಮೊತ್ತವಲ್ಲ. ಎರಡು ವರ್ಷ ಬೇರೆ ಪ್ರವಾಸ ಮಾಡದೆ ಕೂಡಿಟ್ಟಿದ್ದು.

ಪ್ರವಾಸದ ವಿಮೆ ಮುಂಗಡ ಕಟ್ಟಿದ ವಾರವೇ ಮಾಡಿಸಿದೆವು. ಚಂಡಮಾರುತಕ್ಕೆ ಒಮ್ಮೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ನಡೆಯುವುದಿಲ್ಲ.

ಊಟದ ವಿಷಯದಲ್ಲಿ ನಾವು ಹೆದರಿದಷ್ಟು ಏನೂ ಆಗಲಿಲ್ಲ. ಹೋಲ್‌ಟೌನ್‌ನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಇದೆ. ಅಕ್ಕಿ, ಬೇಳೆ, ಮೊಸರು ಸಿಕ್ಕಿತು. ರವೆ ಇಡ್ಲಿ ಮಿಕ್ಸ್, ಪುಳಿಯೋಗರೆ ಗೊಜ್ಜಿನ ಸೀಲ್ ಮಾಡಿದ ಪ್ಯಾಕೆಟ್‌ಗಳನ್ನು ಕಸ್ಟಮ್ಸ್‌ನಲ್ಲಿ ತೋರಿಸಿಯೇ ಒಯ್ದೆವು. ಕಡಲೆ, ಆಲೂಗಡ್ಡೆ ಪಲ್ಯ ಸುತ್ತಿದ ರೋಟಿ ಅಲ್ಲಿ ಬೀದಿ ಬೀದಿಯಲ್ಲಿದೆ. 1845ರಿಂದ ಟ್ರಿನಿಡಾಡ್‌ಗೆ ಕಬ್ಬಿನ ತೋಟದ ಕೂಲಿಗೆ ಬಂದ ಭಾರತದವರ ಜೊತೆ ಬಂದ ರೋಟಿ ಅದು, ಆಮೇಲೆ ಸುತ್ತಲಿನ ದ್ವೀಪಗಳಿಗೆಲ್ಲ ಹರಡಿತು. ಕೂಕೂ ಅಂತ ಒಂದು ಅಡುಗೆ ಇದೆ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ, ಮರದ ಕೋಲಿನಲ್ಲಿ ತಿರುವಿ ತಿರುವಿ ಮಾಡುತ್ತಾರೆ. ಸಾಮಾನ್ಯವಾಗಿ ಮೀನಿನ ಸಾರಿನ ಜೊತೆ ಬಡಿಸುವುದು, ಬರೀ ಕೂಕೂ ಕೊಡಿ ಅಂತ ಕೇಳಬೇಕು. ಅಪ್ಪ ಒಂದು ತುತ್ತು ನುಂಗಿ, "ಇದು ನಮ್ಮ ಮುದ್ದೆನೇ ಕಣೋ" ಅಂದರು. ಅಮ್ಮನಿಗೆ ಸಿಕ್ಕಿದ್ದು ಬೇರೆ. ಹಣ್ಣಿನ ಅಂಗಡಿ ಮುಂದೆ ನಿಂತವರು, "ಅಯ್ಯೋ, ಜೀಗುಜ್ಜೆ!" ಅಂತ ಕೂಗಿಬಿಟ್ಟರು. ಅವರ ತವರು ಕುಂದಾಪುರ, ಬ್ರೆಡ್‌ಫ್ರೂಟ್‌ಗೆ ಆ ಕಡೆ ಜೀಗುಜ್ಜೆ ಅನ್ನುತ್ತಾರೆ. ಜೀಗುಜ್ಜೆ ಗಿಡವನ್ನು 1793ರಲ್ಲಿ ಬ್ರಿಟಿಷರು ತಾಹಿತಿಯಿಂದ ಕೆರಿಬಿಯನ್‌ಗೆ ತಂದರು, ಗುಲಾಮರಿಗೆ ಅಗ್ಗದ ಊಟವಾಗಲಿ ಅಂತ. ನಾವು ಒಲೆ ಮುಟ್ಟಬೇಡಿ ಅಂದಿದ್ದ ಷರತ್ತು ಆ ಸಂಜೆಯೇ ಮುರಿಯಿತು. ಜೀಗುಜ್ಜೆ ಪೋಡಿ ಕರಿದು ಪಕ್ಕದ ಸೂಟ್‌ನವರಿಗೂ ಕೊಟ್ಟರು.

ಹೊರಡುವವರಿಗೆ ಇನ್ನೆರಡು ವಿಷಯ. ಸೈನಿಕರ ಬಟ್ಟೆಯ ಹಾಗಿರುವ ಹಸಿರು ಮಚ್ಚೆಯ ಬಟ್ಟೆ ಅಲ್ಲಿ ಮಕ್ಕಳು ಹಾಕುವುದೂ ಕಾನೂನಿಗೆ ವಿರುದ್ಧ. ಮಗಳ ಒಂದು ಪ್ಯಾಂಟು ಚೀಲದಿಂದ ಹೊರಗೆ ಬಂತು. ತೀರದಲ್ಲಿ ಮ್ಯಾಂಚಿನೀಲ್ ಅನ್ನುವ ಮರವಿದೆ, ಸಣ್ಣ ಹಸಿರು ಸೇಬಿನಂಥ ಹಣ್ಣು. ಹಣ್ಣೂ ವಿಷ, ಹಾಲೂ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಚರ್ಮ ಬೊಬ್ಬೆ ಏಳುತ್ತದೆ. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಮಕ್ಕಳಿಗೆ ಮೊದಲ ದಿನವೇ ತೋರಿಸಿ.

ಕೆನ್ಸಿಂಗ್ಟನ್ ಓವಲ್‌ಗೆ ಮೂರನೇ ದಿನ ಹೋದೆವು. ಹೊರಗೆ ಬಾರ್ಬಡೋಸ್‌ನವರೇ ಆದ ಕ್ರಿಕೆಟ್ ದಿಗ್ಗಜ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ. ಅಪ್ಪ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಅಮ್ಮನ ಹಾಸಿಗೆ ಖಾಲಿ. ಬಾಗಿಲು ತೆರೆದಿತ್ತು. ಸಮುದ್ರದ ಊರಲ್ಲಿ ಹುಟ್ಟಿದರೂ ಅಮ್ಮ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರಲ್ಲ. ಅಲೆ ಎಳೆಯುತ್ತದೆ ಅಂತ ಅಜ್ಜಿ ಬಿಡುತ್ತಿರಲಿಲ್ಲವಂತೆ. ಆವತ್ತು ಚೂಡಿದಾರದಲ್ಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಅಲೆ ಇರಲಿಲ್ಲ. ಪಕ್ಕದಲ್ಲಿ ಅಪ್ಪ, ಪ್ಯಾಂಟು ಮಡಿಸಿಕೊಂಡು, ಅವರ ಕೈ ಹಿಡಿದುಕೊಂಡು. ನನ್ನನ್ನು ನೋಡಿ ಅಮ್ಮ ಕೂಗಿ ಹೇಳಿದರು: "ಮಂಡಿ ನೋವೇ ಗೊತ್ತಾಗ್ತಿಲ್ಲ ಕಣೋ. ತಿಂಡಿಗೆ ನೀವು ಹೋಗಿ, ನಾವು ಆಮೇಲೆ ಬರ್ತೀವಿ."